ಪಟ್ಟೆ ಎಣಿಸಬೇಡಿ: ಜೀಬ್ರಾ, ಯೋಯೋ, ಕ್ವೀನ್ ಲೋಚ್ ಬೇರೆ ಮಾಡಿದ ನನ್ನ ಅನುಭವ

"ಇಂಚು ಉದ್ದದ ಬೋಟಿಯಾ ಮರಿ ನೋಡಿ ಜಾತಿ ಹೇಳೋಕಾಗಲ್ಲ ಮಾರಾಯ, ಸುಮ್ನೆ ದುಡ್ಡು ಹಾಳು ಮಾಡ್ಕೋಬೇಡ" ಎಂದವರು ಒಬ್ಬಿಬ್ಬರಲ್ಲ. ನಾನು ಸುಲಭದ ಗಪ್ಪಿ ಸಾಕುತ್ತಿದ್ದ ಕಾಲಕ್ಕೇ ಕಷ್ಟದ ಡಿಸ್ಕಸ್ ಮೀನಿನ ಮರಿ ಮಾಡಿಸಿದವರೂ ಅದರಲ್ಲಿದ್ದಾರೆ. ಬೋಟಿಯಾ ಅಂದರೆ ಟ್ಯಾಂಕಿನ ತಳದಲ್ಲಿ ಓಡಾಡುವ ಲೋಚ್ ಮೀನುಗಳ ಒಂದು ಕುಲ, ಜೀಬ್ರಾ, ಯೋಯೋ, ಕ್ವೀನ್ ಮೂರೂ ಅದರವೇ. ಈಗ ನನ್ನ ಮನೆಯಲ್ಲಿ ಒಂದು ಟ್ಯಾಂಕಿನಲ್ಲಿ ಬರೀ ಜೀಬ್ರಾ ಲೋಚ್, ಇನ್ನೊಂದರಲ್ಲಿ ಯೋಯೋ ಮತ್ತು ಕ್ವೀನ್. ಬೇರೆ ಮಾಡಿದ್ದು ಮರಿಯಾಗಿದ್ದಾಗಲೇ. ಎರಡು ವರ್ಷ ದಾಟಿದೆ, ತಪ್ಪು ಟ್ಯಾಂಕಿಗೆ ಹೋಗಿದ್ದದ್ದು ಎರಡೋ ಮೂರೋ ಮೀನು ಅಷ್ಟೆ. ಬೇಡ ಎಂದವರೇ ಈಗ ಫೋಟೋ ಕಳಿಸಿ "ಇದು ಯಾವುದು ನೋಡಿ ಹೇಳು" ಅನ್ನುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಶಿವಮೊಗ್ಗ. ಜೀಬ್ರಾ ಲೋಚ್, ಅಂದರೆ ಬೋಟಿಯಾ ಸ್ಟ್ರಿಯಾಟಾ, ಪಶ್ಚಿಮ ಘಟ್ಟದ್ದೇ ಮೀನು. 1920ರಲ್ಲಿ ಇದಕ್ಕೆ ಹೆಸರಿಟ್ಟವರು ಬೆಂಗಳೂರು ಸೆಂಟ್ರಲ್ ಕಾಲೇಜಿನ ಸಿ. ಆರ್. ನಾರಾಯಣರಾವ್, ಅವರಿಗೆ ಮೀನು ಸಿಕ್ಕಿದ್ದು ನಮ್ಮೂರಿನ ತುಂಗೆಯಲ್ಲಿ. ನೂರು ವರ್ಷ ಕಳೆದ ಮೇಲೆ ನಮ್ಮೂರಿನ ಅಕ್ವೇರಿಯಂ ಅಂಗಡಿಗೆ ಅದು ಬರುವುದು ಬೆಂಗಳೂರಿನಿಂದ ರಾತ್ರಿ ಬಸ್ಸಿನ ಡಿಕ್ಕಿಯಲ್ಲಿ, ಥರ್ಮಾಕೋಲ್ ಡಬ್ಬದೊಳಗೆ! ಈಗ ಅದು ಅಳಿವಿನಂಚಿನ ಪಟ್ಟಿಯಲ್ಲಿದೆ, ಹಾಗಾಗಿ ಬಲೆ ಹಿಡಿದು ಹೊಳೆಗೆ ಇಳಿಯುವವರಿಗೆ ನನ್ನ ಹತ್ತಿರ ಯಾವ ಸಲಹೆಯೂ ಇಲ್ಲ. ಯೋಯೋ, ಕ್ವೀನ್ ಎರಡೂ ಗಂಗಾ ಬಯಲಿನ ಕಡೆಯವು, ಕೋಲ್ಕತ್ತಾ ದಾರಿಯಲ್ಲಿ ಬರುತ್ತವೆ. ವ್ಯಾಪಾರಿಯ ಗೋಡೌನಿನಲ್ಲಿ ಎಲ್ಲ ಒಂದೇ ತೊಟ್ಟಿಗೆ ಬಿದ್ದಿರುತ್ತವೆ. ಅಂಗಡಿಯವನನ್ನು ಕೇಳಿದರೆ "ಸಾರ್, ಎಲ್ಲಾ ಟೈಗರ್ ಲೋಚೇ, ಆರಿಸ್ಕೊಳ್ಳಿ" ಅನ್ನುತ್ತಾನೆ. ಅವನ ತಪ್ಪೇನೂ ಇಲ್ಲ, ಅವನಿಗೆ ಬಂದ ಬಿಲ್ಲಿನಲ್ಲೂ ಹಾಗೇ ಇರುತ್ತದೆ.

ಬೇರೆ ಯಾಕೆ ಮಾಡಬೇಕು, ಎಲ್ಲ ಬೋಟಿಯಾ ತಾನೆ ಅಂತ ಕೇಳುವವರಿಗೆ ಉತ್ತರ ಊಟದ ಹೊತ್ತಿನಲ್ಲಿದೆ. ಜೀಬ್ರಾ ಬೆರಳುದ್ದಕ್ಕೆ ನಿಲ್ಲುವ ಮೀನು, ಎಂಟು ಸೆಂಟಿಮೀಟರ್ ಆದರೆ ಹೆಚ್ಚು. ಯೋಯೋ ಅದರ ಒಂದೂವರೆ ಪಟ್ಟು ಸುಲಭವಾಗಿ ಬೆಳೆಯುತ್ತದೆ, ಬೆಳೆಯುವ ವೇಗವೂ ಹೆಚ್ಚು. ಊಟದ ಗುಳಿಗೆ, ಅಂದರೆ ಪೆಲೆಟ್, ಬಿದ್ದ ಜಾಗಕ್ಕೆ ಯೋಯೋ ಬಂದು ಅಡ್ಡ ನಿಂತರೆ ಜೀಬ್ರಾ ಹಿಂದೆ ಸರಿದು ಕಲ್ಲಿನ ಸಂದಿಯಲ್ಲಿ ಕಾಯುತ್ತದೆ. ಕಚ್ಚಾಟ ಇರಲ್ಲ, ರಕ್ತ ಇರಲ್ಲ, ಆದ್ದರಿಂದ ಯಾರಿಗೂ ಗೊತ್ತಾಗಲ್ಲ. ಆರು ತಿಂಗಳಿಗೆ ಜೀಬ್ರಾದ ಬೆನ್ನು ಚಾಕುವಿನ ಅಂಚಿನ ಹಾಗೆ ಆಗಿರುತ್ತದೆ. ನನ್ನ ಮೊದಲ ಲಾಟು ಹೀಗೇ ಹೋಯಿತು. ಮರಿಗೆ ನೂರೈವತ್ತರಿಂದ ಇನ್ನೂರರ ಲೆಕ್ಕ, ಹತ್ತು ಹನ್ನೆರಡು ಮರಿ, ಬಸ್ ಪಾರ್ಸೆಲ್ಲಿನವನಿಗೆ ಕೊಟ್ಟದ್ದು ಬೇರೆ. ಹತ್ತಿರ ಹತ್ತಿರ ಎರಡೂವರೆ ಸಾವಿರ ನೀರಿಗೆ ಹೋಯಿತು.

ಪಟ್ಟೆ ಎಣಿಸುವುದನ್ನು ನಾನೂ ಮಾಡಿ ನೋಡಿದ್ದೇನೆ. ಕ್ವೀನ್‌ಗೆ, ಅಂದರೆ ಬೋಟಿಯಾ ಡಾರಿಯೋಗೆ, ಏಳೆಂಟು ದಪ್ಪ ಪಟ್ಟೆ, ಜೀಬ್ರಾಗೆ ಅದಕ್ಕಿಂತ ಬಹಳ ಜಾಸ್ತಿ, ಸಣ್ಣ ಸಣ್ಣವು, ಯೋಯೋಗೆ ಕಡಿಮೆ. ಬೆಳೆದ ಮೀನಿಗೆ ಇದು ಸರಿ. ಮರಿಗೆ ಏನೂ ಪ್ರಯೋಜನವಿಲ್ಲ. ಜೀಬ್ರಾ ಮರಿಯ ಪಟ್ಟೆಯೂ ದಪ್ಪವೇ, ಬೆಳೆಯುತ್ತಾ ಒಂದೊಂದೂ ನಡುವೆ ಸೀಳುತ್ತದೆ. ಯೋಯೋ ಮರಿಯದೂ ಸೀಳುತ್ತದೆ. ಹಾಗಾದರೆ ಇವತ್ತಿನ ಐದಾರು ಪಟ್ಟೆಯ ಮರಿ ಯಾವುದು? ಎಣಿಕೆಯಿಂದ ಹೇಳುವವನು ಲಾಟರಿ ಆಡುತ್ತಿದ್ದಾನೆ.

ನಾನು ನೋಡುವುದು ಪಟ್ಟೆ ಎಲ್ಲಿ ಸೀಳುತ್ತದೆ, ಹೇಗೆ ಸೀಳುತ್ತದೆ ಅನ್ನುವುದನ್ನು. ಜೀಬ್ರಾದಲ್ಲಿ ತೆಳು ಗೆರೆಯೊಂದು ದಪ್ಪ ಪಟ್ಟೆಯ ನಡುವೆ ಹುಟ್ಟಿ ಮೇಲಿಂದ ಕೆಳಗಿನವರೆಗೆ ಉದ್ದಕ್ಕೆ ಓಡುತ್ತದೆ, ಒಂದು ಪಟ್ಟೆ ಎರಡಾಗುತ್ತದೆ, ಎರಡೂ ಹೊಟ್ಟೆಯವರೆಗೆ ಇಳಿಯುತ್ತವೆ. ಯೋಯೋದಲ್ಲಿ ಹಾಗಲ್ಲ. ಪಟ್ಟೆಯ ಮೇಲುಭಾಗದಲ್ಲಿ ಬೆಳ್ಳಗಿನ ಚುಕ್ಕೆ ತೆರೆದುಕೊಳ್ಳುತ್ತದೆ, ಅದು ಹಿಗ್ಗಿ ಕವಲಾಗುತ್ತದೆ, ಪಕ್ಕದ ಪಟ್ಟೆಗೆ ಅಡ್ಡ ಸೇತುವೆ ಹಾಕುತ್ತದೆ. ಇಂಗ್ಲಿಷಿನ ವೈ, ಓ ಅಕ್ಷರ ಬರುವುದು ಅಲ್ಲಿಂದಲೇ. ಕ್ವೀನ್‌ನಲ್ಲಿ ಪಟ್ಟೆ ಸೀಳುವುದು ಕಡಿಮೆ, ನಡುವಿನ ಬಣ್ಣ ಬೇಗ ಹೊಂಬಣ್ಣಕ್ಕೆ ತಿರುಗುತ್ತದೆ. ಬೆನ್ನಿನ ರೆಕ್ಕೆಯ ಬುಡ, ಬಾಲದ ಬುಡ, ಈ ಎರಡು ಜಾಗ ನೋಡಿದರೆ ಸಾಕು. ಮೈ ನಡುವೆ ನೋಡಬೇಡಿ, ಅಲ್ಲಿ ಎಲ್ಲವೂ ಗೋಜಲು.

ಆದರೆ ಒಂದು ದಿನ ನೋಡಿ ಹೇಳುವ ಕೆಲಸ ಅಲ್ಲ ಇದು. ಅದೇ ಮೀನನ್ನು ಎರಡು ಮೂರು ವಾರಕ್ಕೊಮ್ಮೆ ನೋಡಬೇಕು, ಹೋದ ಸಲದ ಫೋಟೋ ಪಕ್ಕ ಇಟ್ಟುಕೊಂಡು. ಅದಕ್ಕೆ ಫೋಟೋ ಡಬ್ಬ ಮಾಡಿಸಿದೆ. ಗ್ಲಾಸ್ ಅಂಗಡಿಯಲ್ಲಿ ತುಂಡು ಗಾಜಿನಲ್ಲಿ ಎಂಟಿಂಚು ಉದ್ದ, ಎರಡಿಂಚಿಗೂ ಕಡಿಮೆ ಅಗಲದ ಡಬ್ಬ, ಸಿಲಿಕಾನ್ ನಾನೇ ಹಾಕಿದ್ದು, ನೂರೈವತ್ತು ರೂಪಾಯಿಗೆ ಮುಗಿಯಿತು. ಹಿಂದೆ ಬೂದು ಬಣ್ಣದ ಡ್ರಾಯಿಂಗ್ ಶೀಟು. ಬಿಳಿ ಹಾಳೆ ಇಟ್ಟರೆ ಫೋನಿನ ಕ್ಯಾಮೆರಾ ಪಟ್ಟೆಯನ್ನೆಲ್ಲ ಕಪ್ಪು ಮಾಡಿಬಿಡುತ್ತದೆ. ಫೋಟೋ ಯಾವಾಗಲೂ ಎಡ ಪಕ್ಕದ್ದೇ. ಬೋಟಿಯಾದ ಎಡ ಪಕ್ಕ, ಬಲ ಪಕ್ಕ ಎರಡೂ ಬೇರೆ ಬೇರೆ ಚಿತ್ರ, ಕಲೆಸಿಬಿಟ್ಟರೆ ಒಂದೇ ಮೀನನ್ನು ಎರಡು ಮೀನು ಅಂದುಕೊಳ್ಳುತ್ತೀರಿ.

ಮೀನನ್ನು ಡಬ್ಬಕ್ಕೆ ತರಲು ಬಲೆ ಹಾಕಬೇಡಿ. ಕಣ್ಣಿನ ಕೆಳಗೆ ಕವಲೊಡೆದ ಮುಳ್ಳಿದೆ, ಹೆದರಿದರೆ ಹೊರಗೆ ಚಾಚಿ ಗಟ್ಟಿಯಾಗಿ ನಿಲ್ಲಿಸುತ್ತದೆ, ನೂಲಿಗೆ ಸಿಕ್ಕಿಕೊಂಡರೆ ಮೀನು ಒದ್ದಾಡಿ ಮುಖ ಹರಿದುಕೊಳ್ಳುತ್ತದೆ. ಪ್ಲಾಸ್ಟಿಕ್ ಚೀಲವನ್ನೂ ತೂತು ಮಾಡುತ್ತದೆ. ಪಾರ್ಸೆಲ್ ತರಿಸುವಾಗ ಡಬಲ್ ಚೀಲ ಹಾಕಿ ಅಂತ ಹಣ ಕೊಡುವ ಮುಂಚೆಯೇ ಹೇಳಿಬಿಡಿ. ಬಲೆಯಿಲ್ಲದೆ ಮೀನು ತಾನಾಗೇ ಡಬ್ಬಕ್ಕೆ ಬರುವ ಹಾಗೆ ನಾನೊಂದು ಉಪಾಯ ಮಾಡಿಕೊಂಡಿದ್ದೇನೆ, ಅದನ್ನು ಇಲ್ಲಿ ಬರೆಯಲ್ಲ. ಮನೆಗೆ ಬಂದವರಿಗೆ ತೋರಿಸುತ್ತೇನೆ.

ಇನ್ನೊಂದು ಜಾಗದಲ್ಲಿ ಬಹಳ ಜನ ಸೋಲುತ್ತಾರೆ. ಬೋಟಿಯಾ ಜಗಳಕ್ಕೆ ಬಿದ್ದರೆ ಬಣ್ಣ ಬಿಡುತ್ತದೆ. ದೊಡ್ಡದೊಂದು ಇನ್ನೊಂದರ ಮೈಗೆ ಮೈ ಒತ್ತಿಕೊಂಡು ಸುತ್ತುವಾಗ ಪಟ್ಟೆಯೆಲ್ಲ ಮಸುಕಾಗಿ ಬೂದು ಬೂದಾಗಿ ಕಾಣುತ್ತದೆ. ಆ ಹೊತ್ತಿನ ಫೋಟೋ ಕಳಿಸಿ "ಇದು ರಾಸ್ಟ್ರಾಟಾ ಇರಬಹುದಾ" ಎಂದು ಬೋಟಿಯಾದ ಬೇರೊಂದು ಜಾತಿಯ ಹೆಸರು ಹಿಡಿದು ಕೇಳುವವರು ಎಷ್ಟೋ ಜನ. ಊಟ ಹಾಕಿ ಒಂದು ಗಂಟೆ ಬಿಟ್ಟು ತೆಗೆಯಿರಿ. ಹೊಸದಾಗಿ ಬಂದ ಮೀನಾದರೆ ಒಂದು ವಾರ ಫೋಟೋ ತೆಗೆಯುವ ಯೋಚನೆಯನ್ನೇ ಬಿಡಿ.

ಫೋಟೋಗೆಂದು ನಂಬರ್ ಕೊಟ್ಟ ಮೀನುಗಳಲ್ಲಿ ಏಳನೆಯದರ ಕತೆ ಹೇಳಬೇಕು. ಬಂದಾಗ ಇಂಚಿಗಿಂತ ಸ್ವಲ್ಪ ಉದ್ದ, ಐದು ದಪ್ಪ ಪಟ್ಟೆ, ಬಾಲದ ಬುಡದ ಪಟ್ಟೆ ಮೇಲ್ಗಡೆ ಕವಲೊಡೆದಿತ್ತು. ನೋಡಿದವರೆಲ್ಲ ಯೋಯೋ ಅಂದರು. ನನಗೆ ಆ ಕವಲಿನ ಒಳಗಿನ ಗೆರೆ ಅನುಮಾನ ಹುಟ್ಟಿಸಿತು. ಚುಕ್ಕೆಯಂತೆ ಹಿಗ್ಗದೆ ಕೂದಲೆಳೆಯಷ್ಟೇ ದಪ್ಪ ಇದ್ದು ನೇರ ಕೆಳಗೆ ಹೊರಟಿತ್ತು. ಎರಡನೇ ಫೋಟೋದಲ್ಲಿ ಮೈ ನಡುವಿನವರೆಗೆ ಇಳಿದಿತ್ತು. ಮೂರನೆಯದರಲ್ಲಿ ಹೊಟ್ಟೆ ಮುಟ್ಟಿ ಪಟ್ಟೆ ಎರಡಾಗಿತ್ತು. ಅಷ್ಟರಲ್ಲಿ ಬೆನ್ನಿನ ರೆಕ್ಕೆಯ ಬುಡದಲ್ಲೂ ಅದೇ ಥರದ ಗೆರೆ. ಜೀಬ್ರಾ ಟ್ಯಾಂಕಿಗೆ ಹಾಕಿದೆ. ಈಗ ಅದೇ ಆ ಟ್ಯಾಂಕಿನ ಯಜಮಾನಿ, ಹೊಟ್ಟೆ ದಪ್ಪ ನೋಡಿದರೆ ಹೆಣ್ಣೇ ಇರಬೇಕು.

ಟ್ಯಾಂಕ್ ವಿಷಯ ಬೇಗ ಮುಗಿಸುತ್ತೇನೆ, ನಿಮಗೆಲ್ಲ ಗೊತ್ತಿರುವುದೇ. ಜೀಬ್ರಾಗೆ ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕ್, ಸುಮಾರು 250 ಲೀಟರ್. ಹೊಳೆ ಮರಳು, ಚೆನ್ನಾಗಿ ತೊಳೆದದ್ದು. ಚೂಪು ಜಲ್ಲಿ ಬೇಡವೇ ಬೇಡ, ಮೀಸೆ ಸವೆಯುತ್ತದೆ. ಗುಂಡುಕಲ್ಲು, ಮಣ್ಣಿನ ಹೆಂಚಿನ ಚೂರು, ಪೈಪಿನ ತುಂಡು. ಅಡಗುವ ಜಾಗ ಮೀನಿಗಿಂತ ಎರಡಾದರೂ ಜಾಸ್ತಿ ಇರಲಿ. ಕ್ಯಾನಿಸ್ಟರ್ ಫಿಲ್ಟರ್ ಆರು ಸಾವಿರದ ಮೇಲೆ, ನೀರಿಗೆ ಹರಿವು ಕೊಡುವ ಸಣ್ಣ ವೇವ್‌ಮೇಕರ್ ಸಾವಿರದ ಒಳಗೆ. ಗುಂಪಿನಲ್ಲಿ ಐದಾರಾದರೂ ಇರಬೇಕು. ಎರಡು ಮೂರು ಇಟ್ಟರೆ ದೊಡ್ಡದು ಸಣ್ಣದನ್ನು ಬಾಳಗೊಡಲ್ಲ.

ನೀರಿನ ವಿಷಯದಲ್ಲಿ ನಮ್ಮೂರವರು ಪುಣ್ಯವಂತರು. ನಲ್ಲಿಯಲ್ಲಿ ಬರುವುದು ತುಂಗೆಯೇ, ಮೆದು ನೀರು, ನನ್ನ ಮೀಟರಿನಲ್ಲಿ ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿದ ಲವಣದ ಅಳತೆ, ನೂರರ ಆಸುಪಾಸು. ಬೋರ್‌ವೆಲ್ ನೀರಿನ ಬೆಂಗಳೂರಿನ ಗೆಳೆಯ ಆರ್‌ಒ ನೀರು ಬೆರೆಸಿಕೊಂಡು ತಿಂಗಳಿಗೆ ನಾನ್ನೂರೈನೂರು ಖರ್ಚು ಮಾಡುತ್ತಾನೆ. ಯೋಯೋಗೆ ಅಷ್ಟೆಲ್ಲ ಬೇಕಾಗಿಲ್ಲ, ಗಡಸು ನೀರಲ್ಲೂ ಕೊಬ್ಬುತ್ತದೆ. ನಮ್ಮ ಕಷ್ಟ ಮಳೆಗಾಲದ್ದು. ಹೊಳೆ ಕೆಂಪಾದಾಗ ಕ್ಲೋರಿನ್ ಜಾಸ್ತಿ ಬಿಡುತ್ತಾರೆ, ವಾಸನೆ ಮೂಗಿಗೇ ಹೊಡೆಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನು ಡ್ರಮ್ಮಿನಲ್ಲಿ ಒಂದು ದಿನ ಏರ್ ಬಿಟ್ಟು, ಆಂಟಿ ಕ್ಲೋರಿನ್ ಹಾಕಿಯೇ ನೀರು ಬದಲಿಸುವುದು. ಕರೆಂಟ್ ಹೋಗುವ ರಾತ್ರಿಗಳಿಗೆ ಬ್ಯಾಟರಿ ಏರ್ ಪಂಪ್, ಮುನ್ನೂರೈವತ್ತು ಕೊಟ್ಟದ್ದು. ಅದು ಉಳಿಸಿಕೊಟ್ಟ ಮೀನಿನ ಬೆಲೆ ಎಷ್ಟೋ ಪಟ್ಟು.

ಔಷಧಿ ಮಾತ್ರ ಬಿಡಿಸಿ ಹೇಳುತ್ತೇನೆ, ಏಕೆಂದರೆ ಹೆಚ್ಚು ದುಡ್ಡು ಹೋಗುವುದು ಇಲ್ಲೇ. ಹೊಸ ಲಾಟಿನಲ್ಲಿ ಮೈಮೇಲೆ ಬಿಳಿ ಚುಕ್ಕೆ ಏಳುವ ವೈಟ್ ಸ್ಪಾಟ್ ರೋಗ ಬಂದೇ ಬರುತ್ತದೆ ಅಂತ ಇಟ್ಟುಕೊಳ್ಳಿ. ಲೋಚ್‌ನ ಮೈಯ ಹುರುಪೆ ಕಣ್ಣಿಗೆ ಕಾಣದಷ್ಟು ಸಣ್ಣದು. ಈ ರೋಗಕ್ಕೆ ಹಾಕುವ ಮಲಕೈಟ್ ಗ್ರೀನ್ ಔಷಧಿಯ ಬಾಟಲಿ ಮೇಲೆ ಬರೆದ ಡೋಸನ್ನು ಲೋಚ್ ತಡೆಯಲ್ಲ, ಅರ್ಧ ಸಾಕು. ಹೀಟರ್ ನಿಧಾನವಾಗಿ 30 ಡಿಗ್ರಿಗೆ ಏರಿಸಿ, ಏರ್ ಜಾಸ್ತಿ ಬಿಡಿ, ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ. ತಿಂದರೂ ಬಡಕಲಾಗುವ ಮೀನಿಗೆ ಹೆಚ್ಚಾಗಿ ಹೊಟ್ಟೆಯ ಹುಳುವೇ ಕಾರಣ. ಅದಕ್ಕೆ ಲೆವಮಿಸೋಲ್. ಪಶು ಔಷಧಿ ಅಂಗಡಿಯಲ್ಲಿ ಕುರಿ, ದನದ ಜಂತುಹುಳಕ್ಕೆ ಮಾರುತ್ತಾರೆ. ಲೀಟರಿಗೆ 2 ಮಿಲಿಗ್ರಾಂ ಲೆಕ್ಕ, ಪ್ಯಾಕೆಟ್ಟಿನಲ್ಲಿ ಔಷಧಿಯ ಅಂಶ ಎಷ್ಟು ಶೇಕಡಾ ಎಂದು ಓದಿ ಲೆಕ್ಕ ಹಾಕಿ. ಲೈಟ್ ಆರಿಸಿ ಒಂದು ದಿನ ಬಿಟ್ಟು, ಅರ್ಧಕ್ಕಿಂತ ಜಾಸ್ತಿ ನೀರು ಬದಲಿಸಿ, ಮರಳಿನ ಮೇಲಿನ ಕಸ ಎಳೆದುಬಿಡಿ. ಎರಡು ಮೂರು ವಾರ ಬಿಟ್ಟು ಇನ್ನೊಮ್ಮೆ. ಇದನ್ನು ಶುರು ಮಾಡಿದ ಮೇಲೆ ಹೊಸ ಮೀನನ್ನು ಮೊದಲು ಬೇರೆ ಇಡುವ ಕ್ವಾರಂಟೈನ್ ಟ್ಯಾಂಕಿನಲ್ಲಿ ಸಾಯುವುದು ಹತ್ತಕ್ಕೆ ಒಂದಕ್ಕೆ ಇಳಿದಿದೆ. ಮುಂಚೆ ಮೂರು ನಾಲ್ಕು ಇತ್ತು.

ನಡುವೆ ಬೇರೆ ಬೇರೆ ಹುಚ್ಚಾಟವೂ ನಡೆಯಿತು. ಗಿಡದ ಟ್ಯಾಂಕಿನಲ್ಲಿ ಬಸವನಹುಳು ತುಂಬಿಕೊಂಡಾಗ ನಾಲ್ಕು ಜೀಬ್ರಾ ಬಿಟ್ಟೆ. ಸಣ್ಣ ಹುಳು ಎರಡು ವಾರದಲ್ಲಿ ಮಾಯ. ಉದ್ದ ಶಂಖದ ಮಲೇಶಿಯನ್ ಹುಳು ಮಾತ್ರ ಮರಳಿನೊಳಗೆ ಇಳಿದು ಬದುಕಿಕೊಂಡಿತು. ಸೌತೆಕಾಯಿ ತೆಳ್ಳಗೆ ಕತ್ತರಿಸಿ ಕಲ್ಲಿಗೆ ಕಟ್ಟಿದರೆ ಯೋಯೋ ಬೆಳಗಾಗುವುದರೊಳಗೆ ತಿರುಳೆಲ್ಲ ತೆಗೆದು ಸಿಪ್ಪೆಯ ಬಳೆ ಬಿಡುತ್ತದೆ. ಜೀಬ್ರಾಗೆ ಅಷ್ಟು ಇಷ್ಟವಿಲ್ಲ. ರಾತ್ರಿ ಫೋನನ್ನು ಗಾಜಿಗೆ ಒತ್ತಿ ಅವು ಟಕ್ ಟಕ್ ಅನ್ನುವುದನ್ನು ರೆಕಾರ್ಡ್ ಮಾಡಿದೆ, ಜಾತಿಗೊಂದು ಸದ್ದು ಇರಬಹುದು ಅನ್ನೋ ಆಸೆಯಿಂದ. ಕೇಳಿಸಿದ್ದು ಹೆಚ್ಚಾಗಿ ಫಿಲ್ಟರ್ ಸದ್ದು. ಇವು ಅಡ್ಡಬಿದ್ದು ಮಲಗುವ ಚಾಳಿಗೆ ಅಮ್ಮ ಇನ್ನೂ ಒಗ್ಗಿಲ್ಲ. ವಾರಕ್ಕೊಮ್ಮೆ ಅಡುಗೆಮನೆಗೆ ಹೋಗುವಾಗ "ಲೋ, ನಿನ್ ಮೀನು ಸತ್ತಿದೆ ನೋಡೋ" ಅಂತ ಕೂಗುತ್ತಾಳೆ, ಮೀನು ಎದ್ದು ಓಡುತ್ತದೆ.

ಊಟಕ್ಕೆ ಸಿಂಕಿಂಗ್ ಪೆಲೆಟ್, ಫ್ರೋಜನ್ ಬ್ಲಡ್‌ವರ್ಮ್, ಮನೆಯಲ್ಲೇ ಮಾಡಿದ ಸಿಗಡಿ ಮತ್ತು ಸೊಪ್ಪಿನ ಜೆಲ್. ಜೆಲ್ಲಿನ ಅಳತೆ ಕೇಳಬೇಡಿ. ಟ್ಯೂಬಿಫೆಕ್ಸ್ ನಿಲ್ಲಿಸಿದ್ದೇನೆ, ಚರಂಡಿಯಿಂದ ಬರುವ ಹುಳ ಹಾಕಿ ಆಮೇಲೆ ಲೆವಮಿಸೋಲಿಗೆ ದುಡ್ಡು ಕೊಡುವುದು ಯಾಕೆ?

ಬೇರೆ ಜಾತಿಗಳಲ್ಲಿ ನನ್ನ ವಿಧಾನ ಎಷ್ಟು ದೂರ ಬರುತ್ತದೆ ಎಂದರೆ, ಹಿಸ್ಟ್ರಿಯಾನಿಕಾವರೆಗೆ ಬರುತ್ತದೆ. ಮಣಿಪುರ, ಬರ್ಮಾ ಕಡೆಯ ಈ ಮೀನಿಗೆ ಐದು ಅಗಲ ಪಟ್ಟೆ, ದೊಡ್ಡದಾದ ಮೇಲೂ ಅವು ಅಗಲವಾಗಿಯೇ ಉಳಿಯುತ್ತವೆ. ಕುಬೊಟಾಯ್‌ಗೆ ಇದೆಲ್ಲ ಬೇಕಾಗಿಯೇ ಇಲ್ಲ, ಮರಿಯಲ್ಲೇ ಕಪ್ಪು ಮೈ ಮೇಲೆ ಸಾಲಾಗಿ ದೊಡ್ಡ ಬಿಳಿ ಮಚ್ಚೆ, ಬೆಲೆ ಕೇಳಿದರೇ ಗೊತ್ತಾಗುತ್ತದೆ. ಯೋಯೋ ಒಳಗೇ ಅಲ್ಮೋರೆ ಯಾವುದು, ಲೋಹಚಾಟಾ ಯಾವುದು, ಎರಡೂ ಒಂದೇನಾ ಅನ್ನೋ ಜಗಳಕ್ಕೆ ನಾನು ಹೋಗಲ್ಲ. ಟ್ಯಾಂಕಿನಲ್ಲಿ ಎರಡೂ ಒಂದೇ ಥರ ತಿನ್ನುತ್ತವೆ, ಒಂದೇ ಥರ ಜಾಗ ಹಿಡಿಯುತ್ತವೆ.

ಎರಡು ಟ್ಯಾಂಕು, ಸತ್ತ ಲಾಟು, ಔಷಧಿ, ಎಲ್ಲ ಸೇರಿ ಮೂವತ್ತೈದು ಸಾವಿರದ ಹತ್ತಿರ ಆಗಿರಬೇಕು. ಮನೆಯಲ್ಲಿ ಹೇಳಿದ್ದು ಇಪ್ಪತ್ತು. ಯೋಯೋಗಳು ಈಗ ಮೂರಡಿ ಟ್ಯಾಂಕಿಗೆ ಜಾಸ್ತಿ ಆಗಿವೆ. ಭದ್ರಾವತಿಯಲ್ಲಿ ಆರಡಿ ಟ್ಯಾಂಕ್ ಇಟ್ಟವರೊಬ್ಬರು ನಾಲ್ಕು ದೊಡ್ಡವನ್ನು ಒಯ್ಯುತ್ತೇನೆ ಅಂದಿದ್ದಾರೆ, ಬದಲಿಗೆ ಅವರ ಹಳೇ ಕ್ಯಾನಿಸ್ಟರ್ ಕೊಡುತ್ತಾರೆ. ಅದರ ನೀರು ತಳ್ಳುವ ಚಕ್ರ, ಇಂಪೆಲ್ಲರ್, ಹೋಗಿದೆಯಂತೆ, ಐನೂರು ರೂಪಾಯಿಯ ಕೆಲಸ. ಹೊಸ ಜೀಬ್ರಾ ಲಾಟು ಮಳೆ ಕಳೆದ ಮೇಲೆ ತರಿಸುತ್ತೇನೆ, ಡಬಲ್ ಚೀಲದಲ್ಲಿ.