ಮರಳು ನೋಡಲು ಹೋದಾಗ ಪಾಸ್‌ಪೋರ್ಟ್ ಕಪಾಟಿನಲ್ಲಿತ್ತು

ನಾನು ಕಾರವಾರದವನು. ವಾಯವ್ಯ ಸಾರಿಗೆಯಲ್ಲಿ ಕಂಡಕ್ಟರ್ ಆಗಿ ನಿವೃತ್ತನಾದೆ. ದೇವಿಮನೆ ಘಟ್ಟದ ತಿರುವಿನಲ್ಲಿ ಬಸ್ಸು ಓಲಾಡುವಾಗ ಒಂದು ಕೈಲಿ ಕಂಬಿ, ಇನ್ನೊಂದು ಕೈಲಿ ಟಿಕೆಟ್ ಮಷಿನ್ ಹಿಡಿದು 'ಪಾಸ್ ತೋರ್ಸಿ, ಕಾರ್ಡ್ ತೋರ್ಸಿ' ಎಂದು ಕೂಗಿದ್ದೇ ನನ್ನ ಆಯುಷ್ಯ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾದ ಮೇಲೆ ಅದಕ್ಕೆ 'ಆಧಾರ್ ತೆಗೀರಿ' ಎಂಬುದೂ ಸೇರಿತು. 'ಮನೇಲೇ ಬಿಟ್ಟು ಬಂದೆ ತಮಾ' ಎನ್ನುವ ಅಜ್ಜಿಯರಿಗೆ 'ಮನೇಲಿದ್ರೆ ನಂಗೆ ಹ್ಯಾಂಗೆ ಕಾಣ್ತದೆ?' ಅಂತ ಕೇಳುತ್ತಿದ್ದೆ. ಅದೇ ಮಾತನ್ನು ನಾನೂ ಒಂದು ದಿನ ಹೇಳಿದೆ, ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ, ಬಂದೂಕು ಕಟ್ಟಿಕೊಂಡ ಅಧಿಕಾರಿಯ ಎದುರು.

ಮಗ ಅರಿಜೋನಾದಲ್ಲಿ ಕೆಲಸದಲ್ಲಿದ್ದಾನೆ. 2025ರ ಫೆಬ್ರವರಿಯಲ್ಲಿ ನಾನೂ ನಮ್ಮ ಮನೆಯವಳೂ ಅವನಲ್ಲಿಗೆ ಹೋದೆವು. ಪಾಸ್‌ಪೋರ್ಟಿಗೆ ಹುಬ್ಬಳ್ಳಿ, ವೀಸಾಕ್ಕೆ ಹೈದರಾಬಾದ್ ಅಂತ ಎರಡು ವರ್ಷ ಮೊದಲೇ ಓಡಾಡಿ ಮುಗಿಸಿದ್ದೆವು. ಆ ಕಥೆ ಎಲ್ಲರ ಮನೆಯಲ್ಲೂ ಇರುವಂಥದ್ದೇ.

ಒಂದು ಶನಿವಾರ ಮಗ ವೈಟ್ ಸ್ಯಾಂಡ್ಸ್ ರಾಷ್ಟ್ರೀಯ ಉದ್ಯಾನಕ್ಕೆ ಕರಕೊಂಡು ಹೋದ. ಕಣ್ಣು ಹಾಯುವಷ್ಟು ದೂರ ಬಿಳಿ ಮರಳ ದಿಬ್ಬ. ಅದು ನಮ್ಮ ಕಡಲ ಮರಳಲ್ಲ, ಜಿಪ್ಸಮ್. ನಡು ಮಧ್ಯಾಹ್ನವೂ ಕಾಲು ಸುಡುವುದಿಲ್ಲ. ಹೊರಡುವ ಮೊದಲು ಮಗ, 'ಅಪ್ಪಾ, ಪಾಸ್‌ಪೋರ್ಟ್ ತಕ್ಕೊಂಡ್ಯಾ?' ಅಂದಿದ್ದ. ದಾರೀಲಿ ಕಳೆದುಹೋದರೆ ಯಾರು ಗತಿ ಎಂದು ನಾನು ಎಲ್ಲವನ್ನೂ ಅವನ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದೆ. ಹೊಸ ಪಾಸ್‌ಪೋರ್ಟಿನ ಮೊದಲ ಪುಟದ ಜೆರಾಕ್ಸ್ ಕಿಸೆಯಲ್ಲಿತ್ತು. ಅದೇ ಸಾಕೆಂದು ಲೆಕ್ಕ ಹಾಕಿದ್ದೆ. ಜೆರಾಕ್ಸ್ ಪಾಸ್ ಹಿಡಿದು ಹತ್ತಿದ ಕಾಲೇಜು ಹುಡುಗರನ್ನು ನಾನೇ ಎಷ್ಟು ಸಲ ಬಯ್ದಿಲ್ಲ!

ಹೋಗುವಾಗ ಯಾರೂ ತಡೆಯಲಿಲ್ಲ. ಸಂಜೆ ಲಾಸ್ ಕ್ರೂಸಸ್ ಕಡೆ ವಾಪಸಾಗುವಾಗ ಹೆದ್ದಾರಿಗೆ ಅಡ್ಡಲಾಗಿ ದೊಡ್ಡ ಚಪ್ಪರ, ಅದರಡಿ ಕಾರುಗಳ ಸಾಲು. ಮೆಕ್ಸಿಕೋ ಗಡಿ ಹತ್ತಿರವಿರುವುದರಿಂದ ಗಡಿ ಕಾವಲು ಪಡೆಯವರ ತಪಾಸಣೆ ಅಲ್ಲಿ ಮಾಮೂಲು. ಪಶ್ಚಿಮಕ್ಕೆ ಹೋಗುವ ಗಾಡಿಗಳಿಗೆ ಮಾತ್ರ. ನಮ್ಮಲ್ಲಿ ಚೆಕಿಂಗ್‌ನವರು ಘಟ್ಟದ ನಡುವೆ ಜೀಪು ನಿಲ್ಲಿಸಿಕೊಂಡು ಕಾಯುವ ಹಾಗೆಯೇ. ನೀವು ಈ ದೇಶದ ಪ್ರಜೆಗಳೇ ಎಂಬುದು ಮೊದಲ ಪ್ರಶ್ನೆ. ಮಗ ತನ್ನ ಕಾಗದ ಕೊಟ್ಟ. ನಾನು ಜೆರಾಕ್ಸ್ ಕೊಟ್ಟೆ. ಆತ ತಿರುಗಿಸಿ ನೋಡಿ, ವೀಸಾ ಎಲ್ಲಿ ಎಂದ.

ನನ್ನ ವೀಸಾ ಇದ್ದದ್ದು ಮೂಲೆ ಕತ್ತರಿಸಿ ರದ್ದು ಮಾಡಿದ ಹಳೆ ಪಾಸ್‌ಪೋರ್ಟಿನಲ್ಲಿ. ಪಾಸ್‌ಪೋರ್ಟ್ ರದ್ದಾದರೂ ಒಳಗಿನ ವೀಸಾ ಅದರ ತಾರೀಖಿನವರೆಗೆ ಚಾಲ್ತಿಯಲ್ಲೇ ಇರುತ್ತದೆ, ಹಳೆಯದು ಹೊಸದು ಎರಡನ್ನೂ ಒಟ್ಟಿಗೆ ಹಿಡಿದಿರಬೇಕು, ಅಷ್ಟೆ. ಎರಡೂ ಕಪಾಟಿನಲ್ಲಿ. 'ಮನೇಲಿ ಉಂಟು' ಎಂದೆ, ನನಗೆ ಬಂದ ಇಂಗ್ಲಿಷಿನಲ್ಲಿ.

ಕಾರನ್ನು ಪಕ್ಕಕ್ಕೆ ಹಾಕಿಸಿದರು. ಬಯ್ಯಲಿಲ್ಲ, ಗದರಲಿಲ್ಲ. ಹೆಸರು, ಹುಟ್ಟಿದ ತಾರೀಖು ಬರೆದುಕೊಂಡು ಒಳಗೆ ಹೋದರು. ಆ ದೇಶದಲ್ಲಿ 18 ತುಂಬಿದ ಪರದೇಶಿಗರು ನೋಂದಣಿ ದಾಖಲೆಯನ್ನು ಸದಾ ಮೈಮೇಲೆ ಇಟ್ಟುಕೊಂಡಿರಬೇಕು. ಇಲ್ಲದಿದ್ದರೆ ದಂಡವೂ ಉಂಟು, 30 ದಿನದವರೆಗೆ ಜೈಲೂ ಉಂಟು. ನಮ್ಮಂಥವರಿಗೆ ಆ ದಾಖಲೆ ಎಂದರೆ ಐ-94, ಆ ದೇಶದೊಳಗೆ ಬಂದದ್ದರ ಲೆಕ್ಕ. ವಿಮಾನದಲ್ಲಿ ಬಂದವರಿಗೆ 2013ರಿಂದ ಅದರ ಚೀಟಿ ಕೈಗೆ ಕೊಡುವುದಿಲ್ಲ. ವೆಬ್‌ಸೈಟಿನಿಂದ ನಾವೇ ಇಳಿಸಿಕೊಳ್ಳಬೇಕು. ನಾವು ಇಳಿಸಿಕೊಂಡಿರಲಿಲ್ಲ.

ಮಗ ಅಲ್ಲೇ ಮೊಬೈಲಿನಲ್ಲಿ ಹುಡುಕಲು ಕೂತ. ನನ್ನದು ಬಂತು. ಅವನ ಆಯಿಯದು ಬರಲೊಲ್ಲದು. ಅವಳ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾನೆ ಖಾಲಿ, ಇರುವುದು ಒಂದೇ ಹೆಸರು. ಅಂಥವರ ಹೆಸರನ್ನು ಅಮೆರಿಕದ ವೀಸಾದಲ್ಲಿ ಸರ್‌ನೇಮ್ ಜಾಗಕ್ಕೆ ಹಾಕಿ, ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಎಂದು ಬರೆಯುತ್ತಾರೆ. ಮೊದಲ ಹೆಸರು ಗೊತ್ತಿಲ್ಲ ಎಂದು ಅರ್ಥ. ಮೂರನೇ ಸಲ ಹಾಗೆ ಹಾಕಿದ ಮೇಲೆ ತೆರೆದುಕೊಂಡಿತು. ಇದನ್ನು ಬಿಡಿಸಿ ಹೇಳಿದರೆ ಅವಳಿಗೆ ಸಿಟ್ಟು: 'ಹೆಸರು ಗೊತ್ತಿಲ್ಲದವಳಿಗೆ ವೀಸಾ ಹ್ಯಾಂಗೆ ಕೊಟ್ರು ಹಂಗಾರೆ?' ಮುಕ್ಕಾಲು ಗಂಟೆ ಕಳೆದು ಅಧಿಕಾರಿ ಬಂದು, ಮುಂದಿನ ಸಲ ಅಸಲಿ ಕಾಗದ ಜೊತೆಗಿರಲಿ ಎಂದು ಬಿಟ್ಟುಬಿಟ್ಟ. ದಾರಿಯುದ್ದ ಅವಳದು ಒಂದೇ ಮಾತು: 'ನೀವೇ ಕಂಡಕ್ಟರಲ್ವಾ?'

ಮರುದಿನವೇ ಅಂಗಿಯೊಳಗೆ ಕೊರಳಿಗೆ ಹಾಕುವ ಬಟ್ಟೆಚೀಲ ಅವಳ ಕೈಯಿಂದಲೇ ಹೊಲಿಸಿದೆ, ಟಿಕೆಟ್ ಬ್ಯಾಗಿನ ಹಾಗೆ ಎರಡು ಖಾನೆ. ಹಿಂದಿನ ಖಾನೆಯಲ್ಲಿ ಇಬ್ಬರ ಪಾಸ್‌ಪೋರ್ಟು, ನನ್ನ ಹಳೆಯದನ್ನು ಹೊಸದಕ್ಕೆ ರಬ್ಬರ್ ಬ್ಯಾಂಡಿನಿಂದ ಕಟ್ಟಿ. ಮುಂದಿನದರಲ್ಲಿ ಐ-94ರ ಪ್ರಿಂಟು, ವಾಪಸು ಟಿಕೆಟ್, ವಿಮೆಯ ಚೀಟಿ, ಮಗನ ವಿಳಾಸ ಮತ್ತು ಫೋನ್ ನಂಬರು ಕಾಗದದ ಮೇಲೆ. ಮೊಬೈಲ್ ಚಾರ್ಜ್ ಹೋದರೆ ಮಗನ ನಂಬರು ಬಾಯಿಪಾಠ ಇರುವವರು ನಮ್ಮಲ್ಲಿ ಯಾರಿದ್ದಾರೆ? ಎಲ್ಲದರ ಫೋಟೊ ತೆಗೆದು ಕಾರವಾರದಲ್ಲಿರುವ ಮಗಳಿಗೂ ಕಳಿಸಿದೆ. ಪಾಸ್‌ಪೋರ್ಟೇ ಕಳೆದರೆ ಪೊಲೀಸರಿಗೆ ದೂರು ಕೊಟ್ಟು ಭಾರತದ ಕಾನ್ಸುಲೇಟಿಗೆ ಹೋಗಬೇಕು, ಆಗ ನಂಬರು ಕೈಲಿದ್ದರೆ ಅರ್ಧ ಕೆಲಸ ಹಗುರ.

ಐ-94ರಲ್ಲಿ ನಾನು ಮತ್ತೆ ಮತ್ತೆ ನೋಡುತ್ತಿದ್ದದ್ದು ಕೊನೆಯ ತಾರೀಖು. ವೀಸಾ ಹತ್ತು ವರ್ಷದ್ದು, ಹಾಗಾಗಿ ಇದ್ದಷ್ಟು ದಿನ ಇರಬಹುದು ಎಂದೇ ನಾನೂ ತಿಳಿದಿದ್ದೆ. ವೀಸಾ ಎಂದರೆ ಬಸ್ಸು ಹತ್ತಲು ಒಪ್ಪಿಗೆ. ಎಲ್ಲಿ ಇಳಿಯಬೇಕೆಂದು ಬರೆದಿರುವುದು ಐ-94ರಲ್ಲಿ. ನಮಗೆ ಆರು ತಿಂಗಳು ಕೊಟ್ಟಿದ್ದರು. ಪಾಸ್‌ಪೋರ್ಟಿನ ಅವಧಿ ಅದಕ್ಕೂ ಮೊದಲೇ ಮುಗಿಯುವುದಾದರೆ ಅಷ್ಟಕ್ಕೇ ನಿಲ್ಲಿಸುವುದೂ ಉಂಟು.

ಜುಲೈಯಲ್ಲಿ ವಾಪಸಾದೆವು. ಹೊರಡುವಾಗ ಅಲ್ಲಿ ವಲಸೆ ಕೌಂಟರೇ ಇಲ್ಲ, ಯಾರೂ ಮುದ್ರೆ ಒತ್ತುವುದಿಲ್ಲ. ನಾವು ಸೀದಾ ವಿಮಾನ ಹತ್ತಿದೆವು. ನಾವು ಹೊರಬಿದ್ದ ಲೆಕ್ಕ ವಿಮಾನದವರಿಂದ ಸರ್ಕಾರಕ್ಕೆ ಹೋಗುತ್ತದಂತೆ. ನನಗೆ ಸಮಾಧಾನವಾಗಲಿಲ್ಲ. ಬೋರ್ಡಿಂಗ್ ಪಾಸುಗಳನ್ನು, ಬೆಂಗಳೂರಿನಲ್ಲಿ ಒತ್ತಿದ ಮುದ್ರೆಯ ಜೆರಾಕ್ಸನ್ನು ಚೀಲದಲ್ಲೇ ಇಟ್ಟಿದ್ದೇನೆ. ಚೀಲ ಈಗ ಕಪಾಟಿನಲ್ಲಿದೆ, ಕೀಲಿ ಮನೆಯವಳ ಹತ್ತಿರ.