ವಸಡಿನ ಅಂಚು ಬಿಟ್ಟು ಹಲ್ಲುಜ್ಜಬೇಡಿ

ಉಗುಳಿದ ನೊರೆಯಲ್ಲಿ ರಕ್ತದ ಎಳೆ ಕಂಡ ಕೂಡಲೇ ಆ ಜಾಗಕ್ಕೆ ಬ್ರಷ್ ತಾಗಿಸುವುದನ್ನೇ ಬಿಟ್ಟುಬಿಡುವ ಚಾಳಿಯನ್ನು ನಮ್ಮ ಮನೆಯ ಮಕ್ಕಳಲ್ಲೂ ನೆಂಟರ ಮನೆಯ ಹುಡುಗಿಯರಲ್ಲೂ ನೋಡಿ ನೋಡಿ ಬೇಸತ್ತು ಇದನ್ನು ಬರೆಯುತ್ತಿದ್ದೇನೆ. ರಕ್ತ ಬರುವುದು ಬಹುಮಟ್ಟಿಗೆ ಅಲ್ಲಿ ಉಜ್ಜಿದ್ದರಿಂದಲ್ಲ, ಸರಿಯಾಗಿ ಉಜ್ಜದೆ ಉಳಿದದ್ದರಿಂದ. ಹಲ್ಲೂ ವಸಡೂ ಕೂಡುವ ಅಂಚಿನಲ್ಲಿ ಸೂಕ್ಷ್ಮಾಣುಗಳ ಅಂಟುಪಾಚಿ ದಿನವೂ ಕಟ್ಟುತ್ತದೆ. ಅದನ್ನು ತೆಗೆಯದಿದ್ದರೆ ವಸಡು ಕೆಂಪಾಗಿ ಊದಿಕೊಂಡು, ಮುಟ್ಟಿದರೆ ರಕ್ತ ಒಸರುತ್ತದೆ. ಈ ಹಂತದಲ್ಲಿ ಬಿಡದೆ ಶುಚಿ ಮಾಡಿದರೆ ಒಂದೆರಡು ವಾರಗಳಲ್ಲಿ ವಸಡು ಮೊದಲಿನಂತಾಗುತ್ತದೆ. ಉದಾಸೀನ ಮಾಡಿದರೆ ಜೊಲ್ಲಿನಲ್ಲಿರುವ ಸುಣ್ಣದ ಅಂಶ ಸೇರಿ ಪಾಚಿಯು ಗಟ್ಟಿ ಕಿಟ್ಟವಾಗುತ್ತದೆ, ಕ್ರಮೇಣ ವಸಡು ಹಲ್ಲಿನಿಂದ ಬಿಟ್ಟುಕೊಂಡು ಒಳಗಿನ ಮೂಳೆ ಕರಗತೊಡಗುತ್ತದೆ; ಆ ಮೂಳೆ ತಾನಾಗಿ ಮತ್ತೆ ಬೆಳೆಯುವುದಿಲ್ಲ. ಇಷ್ಟಾಗುವಾಗಲೂ ಹೆಚ್ಚಿನವರಿಗೆ ನೋವೇ ಇರುವುದಿಲ್ಲ. ನೋವಿಲ್ಲವಲ್ಲ ಎಂದು ಸುಮ್ಮನಿದ್ದವರು ಹಲ್ಲು ಅಲ್ಲಾಡಿದ ಮೇಲೆ ವೈದ್ಯರಲ್ಲಿಗೆ ಓಡುತ್ತಾರೆ.

ನಾನು ಹೇಳುವ ಕ್ರಮ ಸ್ವಲ್ಪ ಮಡಿವಂತಿಕೆಯದು ಎಂದು ಮಕ್ಕಳು ಗೊಣಗುತ್ತಾರೆ, ಗೊಣಗಲಿ. ಮೊದಲು ಪೇಸ್ಟ್ ಹಚ್ಚದೆ, ಮೆತ್ತನೆಯ ಎಳೆಗಳ ಬ್ರಷ್ಷನ್ನು ಬರಿಯ ನೀರಿನಲ್ಲಿ ಅದ್ದಿ, ಕೆಳಗಿನ ಮುಂಭಾಗದ ಹಲ್ಲುಗಳ ಒಳಬದಿಯಿಂದ, ಅಂದರೆ ನಾಲಿಗೆಯ ಕಡೆಯಿಂದ, ಆರಂಭಿಸಬೇಕು. ಜೊಲ್ಲಿನ ಗ್ರಂಥಿಗಳ ಬಾಯಿ ಅಲ್ಲಿಯೇ ತೆರೆಯುವುದರಿಂದ ಎಲ್ಲಕ್ಕಿಂತ ಮೊದಲು ಕಿಟ್ಟ ಕೂರುವುದು ಆ ಜಾಗದಲ್ಲಿ, ಎಲ್ಲರೂ ಮರೆಯುವುದೂ ಅದೇ ಜಾಗವನ್ನು. ಅಲ್ಲಿ ಬ್ರಷ್ಷನ್ನು ನೆಟ್ಟಗೆ ನಿಲ್ಲಿಸಿ ಅದರ ತುದಿಯಿಂದ ಉಜ್ಜಬೇಕು. ಉಳಿದೆಡೆ ಬ್ರಷ್ಷನ್ನು ಮುಷ್ಟಿಯಲ್ಲಿ ಹಿಡಿಯದೆ ಪೆನ್ಸಿಲ್ ಹಿಡಿದಷ್ಟು ಹಗುರವಾಗಿ ಹಿಡಿದು, ಎಳೆಗಳು ವಸಡಿನ ಕಡೆಗೆ ಓರೆಯಾಗಿ, ಅರ್ಧ ಹಲ್ಲಿನ ಮೇಲೂ ಅರ್ಧ ವಸಡಿನ ಅಂಚಿನ ಮೇಲೂ ಕೂರುವಂತೆ ಇಟ್ಟು, ಜಾಗ ಬಿಡದೆ ಸಣ್ಣಗೆ ಅಲುಗಿಸಿ, ಆಮೇಲೆ ಹಲ್ಲಿನ ತುದಿಯ ಕಡೆಗೆ ಹೊರಳಿಸಬೇಕು. ವಸಡು ಬಿಳಿಚಿಕೊಂಡರೆ ಒತ್ತಡ ಹೆಚ್ಚಾಯಿತೆಂದೇ ಅರ್ಥ. ಎರಡೆರಡು ಹಲ್ಲು ಮುಗಿಸಿ ಮುಂದಕ್ಕೆ ಹೋಗಿ, ಕೊನೆಯ ದವಡೆಹಲ್ಲಿನ ಹಿಂಬದಿಯನ್ನೂ ಸುತ್ತಿ ಬಂದು, ನಾಲಿಗೆಯಿಂದ ಸವರಿ ನೋಡಿದಾಗ ಎಲ್ಲಿಯೂ ಜಿಡ್ಡು ತಾಗದಿದ್ದರೆ ಮಾತ್ರ ಪೇಸ್ಟ್ ಹಚ್ಚಿಕೊಳ್ಳಿ. ಮೊದಲೇ ಪೇಸ್ಟ್ ಹಾಕಿಕೊಂಡವರಿಗೆ ಬಾಯಿ ತುಂಬ ನೊರೆಯೂ ತಂಪೂ ಬಂದ ಕೂಡಲೇ ಕೆಲಸ ಮುಗಿಯಿತು ಎನ್ನಿಸಿಬಿಡುತ್ತದೆ. ಮಿಕ್ಸಿ ಜಾರಿನ ಮುಚ್ಚಳದ ರಬ್ಬರ್ ಬಳೆಯನ್ನು ಬಿಚ್ಚದೆ ಮೇಲಷ್ಟೇ ಸೋಪು ಸವರಿ ಕವುಚಿಡುವವರೂ ಇವರೇ. ಒಮ್ಮೆ ಆ ಬಳೆ ತೆಗೆದು ಮೂಸಿ ನೋಡಲಿ. ರಾತ್ರಿ ಮಲಗುವ ಮುನ್ನ ಹಲ್ಲಿನ ಸಂದುಗಳಲ್ಲಿ ನೂಲನ್ನಾಗಲಿ, ಸಂದು ಅಗಲವಿದ್ದರೆ ಪುಟ್ಟ ಬ್ರಷ್ಷನ್ನಾಗಲಿ ಆಡಿಸಬೇಕು. ಗುಂಡುಸೂಜಿ, ಹೇರ್‌ಪಿನ್ನುಗಳನ್ನು ಬಾಯಿಯ ಹತ್ತಿರ ತರಕೂಡದು.

ನಮ್ಮ ಅಜ್ಜಿ ಬೇವಿನ ಕಡ್ಡಿಯ ತುದಿ ಎಳೆಎಳೆಯಾಗಿ ಬಿಡಿಸಿಕೊಳ್ಳುವ ತನಕ ಅಗಿದು, ಬಚ್ಚಲಮನೆಯ ಕಲ್ಲಿನ ಮೇಲೆ ಕುಳಿತು, ಒಂದೊಂದೇ ಹಲ್ಲಿನ ಬುಡವನ್ನು ನಿಧಾನವಾಗಿ ಉಜ್ಜುತ್ತಿದ್ದಳು. ಅವಳ ಹಲ್ಲು ಉಳಿದದ್ದು ಬೇವಿನ ಕಹಿಗಿಂತ ಹೆಚ್ಚಾಗಿ ಆ ಸಾವಧಾನದಿಂದ ಎಂದೇ ನಾನು ನಂಬಿದ್ದೇನೆ. ಹಳೆಯ ಕಾಲದ್ದೆಲ್ಲ ಒಳ್ಳೆಯದೆಂದು ತಿಳಿದು ಈಗಿನವರು ಇದ್ದಿಲಪುಡಿ, ಇಟ್ಟಿಗೆಪುಡಿ ತರಿಸಿಕೊಳ್ಳುವುದು ಮಾತ್ರ ತಪ್ಪು. ಆ ತರಿ ಹಲ್ಲಿನ ಹೊಳಪನ್ನು ಸವೆಸಿ ವಸಡನ್ನು ಕೆರೆಯುತ್ತದೆ.

ಹೊಗೆಸೊಪ್ಪು, ಬೀಡಿ, ಸಿಗರೇಟು, ಗುಟ್ಕಾ ಇರುವ ಬಾಯಿಗೆ ಈ ಯಾವ ಉಪಚಾರವೂ ಸರಿಯಾಗಿ ಹತ್ತುವುದಿಲ್ಲ. ಅದರಲ್ಲಿಯೂ ಬೀಡಿ ಸಿಗರೇಟು ಸೇದುವವರ ವಸಡಿನಲ್ಲಿ ರಕ್ತ ಕಡಿಮೆ ಕಾಣಿಸಿಕೊಳ್ಳುವುದರಿಂದ, ಒಳಗೆ ರೋಗ ಬಲಿತರೂ ಹೊರಗೆ ಸುಳಿವು ಸಿಗುವುದಿಲ್ಲ. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದಿದ್ದರೆ ವಸಡು ಬೇಗ ಕೆಡುತ್ತದೆ, ವಸಡು ಕೆಟ್ಟರೆ ಸಕ್ಕರೆಯೂ ಹತೋಟಿಗೆ ಬರಲು ಸತಾಯಿಸುತ್ತದೆ. ಬಸುರಿಯರ ವಸಡು ಸುಲಭವಾಗಿ ಊದುತ್ತದೆ. ಅವರು ಉಜ್ಜುವುದನ್ನು ಬಿಡದೆ ವೈದ್ಯರಿಗೆ ತೋರಿಸಬೇಕು. ಮೂರ್ಛೆ ರೋಗದ, ರಕ್ತದೊತ್ತಡದ ಕೆಲವು ಮಾತ್ರೆಗಳಿಂದಲೂ ವಸಡು ಬೆಳೆಯುವುದುಂಟು. ಹಾಗಾದರೆ ಮಾತ್ರೆಯನ್ನು ನೀವೇ ನಿಲ್ಲಿಸದೆ ಬರೆದುಕೊಟ್ಟವರನ್ನು ಕೇಳಿ.

ಗಟ್ಟಿಯಾದ ಕಿಟ್ಟ ಯಾವ ಬ್ರಷ್ಷಿಗೂ ಬಗ್ಗುವುದಿಲ್ಲ, ಅದನ್ನು ದಂತವೈದ್ಯರೇ ತೆಗೆಯಬೇಕು. ಹಲ್ಲು ಕ್ಲೀನ್ ಮಾಡಿಸಿದರೆ ಸಡಿಲವಾಗುತ್ತದೆ ಎಂಬ ಮಾತನ್ನು ದಯವಿಟ್ಟು ಇನ್ನು ಯಾರೂ ಹಬ್ಬಿಸಬೇಡಿ. ಕಿಟ್ಟ ತುಂಬಿಕೊಂಡಿದ್ದ ಸಂದು ತೆರವಾದಾಗ ನಾಲಿಗೆಗೆ ಅದು ಹೊಸದಾಗಿ ತಾಗುತ್ತದೆ, ಕೆಲವು ದಿನ ತಣ್ಣೀರು ಜುಮ್ಮೆನ್ನುತ್ತದೆ, ಅಷ್ಟೇ. ಕೀವು, ಬಿಡದ ದುರ್ವಾಸನೆ, ಹಲ್ಲಿನ ಅಲುಗಾಟ ಇವುಗಳಲ್ಲಿ ಯಾವುದಿದ್ದರೂ ಲವಂಗದೆಣ್ಣೆ ಹಚ್ಚುತ್ತ ಮನೆಯಲ್ಲಿ ಕೂರಬೇಡಿ, ಅದೇ ವಾರ ಹೋಗಿ ತೋರಿಸಿ. ಬರುವಾಗ ಹೊಸ ಬ್ರಷ್ಷನ್ನೂ ತನ್ನಿ. ಎಳೆಗಳು ಹೊರಕ್ಕೆ ಬಾಗಿದ ಬ್ರಷ್ಷನ್ನು, ಬಾಗದಿದ್ದರೂ ಮೂರು ತಿಂಗಳಾದದ್ದನ್ನು, ಬಾಚಣಿಗೆ ತೊಳೆಯಲು ಎತ್ತಿಡಿ.