ಒಂದು ಲೋಡ್ ಅಂದರೆ ಎಷ್ಟು?

ಮನೆಯ ಹಿಂದೆ ಗಿಡ ಹಾಕಲು ಮಣ್ಣು ಬೇಕಿತ್ತು. ಮಣ್ಣು ಮಾರುವವರಿಗೆ ಫೋನ್ ಮಾಡಿ "ಒಂದು ಲೋಡ್ ಕಳಿಸಿ" ಅಂದೆ. ಯಾವ ಮಣ್ಣು, ಎಷ್ಟು, ಎಲ್ಲಿ ಸುರಿಯಬೇಕು, ಒಂದೂ ಹೇಳಲಿಲ್ಲ. ಅವರೂ ಕೇಳಲಿಲ್ಲ. ಮಾರನೇ ದಿನ ಬೆಳಗ್ಗೆ ನಾನು ಹಲ್ಲುಜ್ಜುತ್ತಿದ್ದಾಗ ಟಿಪ್ಪರ್ ಬಂತು. ಗೇಟಿನ ಎದುರಿಗೇ ತೊಟ್ಟಿ ಎತ್ತಿ ಸುರಿದು ಹೊರಟುಹೋಯಿತು. ಕಾರು ಒಳಗೆ, ಮಣ್ಣು ಹೊರಗೆ, ಬ್ರಷ್ ಹಿಡಿದುಕೊಂಡ ನಾನು ಮಧ್ಯೆ.

ಆಮೇಲೆ ವಿಚಾರಿಸಿದರೆ ಆ ಟಿಪ್ಪರಿನ ತೊಟ್ಟಿ 10 ಅಡಿ ಉದ್ದ, 6 ಅಡಿ ಅಗಲ, 3 ಅಡಿ ಎತ್ತರ. ಅಂದರೆ 180 ಘನ ಅಡಿ. ನನಗೆ ಬೇಕಿದ್ದದ್ದು 100. ನನ್ನ ಕೈಗಾಡಿಯಲ್ಲಿ ಆರಾಮಾಗಿ ತಳ್ಳಬಹುದಾದದ್ದು ಒಂದು ಸಲಕ್ಕೆ ಎರಡೂವರೆ ಘನ ಅಡಿ. ಲೆಕ್ಕ ಹಾಕಿ, 72 ಸಲ ಓಡಾಟ. ಎರಡು ದಿನ ಬೇಕಾಯಿತು, ಸೊಂಟ ಸರಿಹೋಗಲು ಇನ್ನೊಂದು ವಾರ.

ಲೋಡ್ ಅನ್ನುವುದು ಅಳತೆಯೇ ಅಲ್ಲ. ಅದು ಗಾಡಿಯ ಹೆಸರು, ಅಷ್ಟೇ. ಚಿಕ್ಕ ಗಾಡಿಯದ್ದೂ ಲೋಡೇ, ದೊಡ್ಡ ಗಾಡಿಯದ್ದೂ ಲೋಡೇ. ಅಂದಿನಿಂದ ನಾನು ಘನ ಅಡಿಯಲ್ಲೇ ಮಾತಾಡುತ್ತೇನೆ. ಅವರು ಘನ ಮೀಟರ್ ಅಂದರೆ 35.3ರಿಂದ ಗುಣಿಸುತ್ತೇನೆ, ಘನ ಯಾರ್ಡ್ ಅಂದರೆ 27ರಿಂದ.

ಲೆಕ್ಕ ಸುಲಭ. ಉದ್ದ, ಅಗಲ, ದಪ್ಪ ಮೂರನ್ನೂ ಅಡಿಯಲ್ಲಿ ಬರೆದು ಗುಣಿಸುವುದು. ಎಡವುವುದು ದಪ್ಪದಲ್ಲಿ, ಯಾಕೆಂದರೆ ಅದನ್ನು ನಾವು ಯೋಚಿಸುವುದು ಇಂಚಿನಲ್ಲಿ. 12ರಿಂದ ಭಾಗಿಸುವುದನ್ನು ಮರೆತರೆ ಹನ್ನೆರಡು ಪಟ್ಟು ಮಣ್ಣು ಬರುತ್ತದೆ! ನನ್ನ ಪಾತಿ 20 ಅಡಿಗೆ 10 ಅಡಿ, ಮಣ್ಣು ಆರು ಇಂಚು. 20 × 10 × 0.5, ಅಂದರೆ 100. ಅದರ ಮೇಲೆ ಮಲ್ಚ್, ಅಂದರೆ ಮರದ ಚಕ್ಕೆ, ತೊಗಟೆಯಂಥದ್ದರ ಹೊದಿಕೆ. ಅದು ಮೂರು ಇಂಚು, ಅಂದರೆ 50. ಸೊಟ್ಟಂಬಟ್ಟೆ ಜಾಗವಾದರೆ ಅದನ್ನು ನಾಲ್ಕೈದು ಚೌಕಗಳಾಗಿ ಗೀಚಿಕೊಂಡು ಕೂಡಿಸಿದರೆ ಸಾಕು.

ಆದರೆ 100 ಬೇಕು ಅಂತ 100 ತರಿಸಿದರೆ ಸಾಲುವುದಿಲ್ಲ. ಸಡಿಲ ಮಣ್ಣು ನಾಲ್ಕು ಸಲ ನೀರು ಕುಡಿದರೆ ಕುಗ್ಗುತ್ತದೆ. ನಾನು ಮಣ್ಣಿಗೆ 15ರಿಂದ 20 ಪರ್ಸೆಂಟ್ ಜಾಸ್ತಿ ಹಾಕುತ್ತೇನೆ, ಜಲ್ಲಿಗೆ 10. ಮಲ್ಚಿಗೆ ಏನೂ ಸೇರಿಸುವುದಿಲ್ಲ. ಅದು ಹೇಗೂ ಕೊಳೆತು ಕರಗುತ್ತದೆ, ಮುಂದಿನ ವರ್ಷ ಮತ್ತೆ ಹಾಕಲೇಬೇಕು.

ಕೆಲವರು ತೂಕದಲ್ಲಿ ಮಾರುತ್ತಾರೆ. ಜಲ್ಲಿಗೆ ಅದು ನಡೆಯುತ್ತದೆ. ಒಂದು ಘನ ಮೀಟರ್ ಜಲ್ಲಿ ಸುಮಾರು ಒಂದೂವರೆ ಟನ್ ಅಂತ ಇಟ್ಟುಕೊಂಡರೆ ದೊಡ್ಡ ಮೋಸ ಆಗುವುದಿಲ್ಲ. ಮಣ್ಣನ್ನು, ಮಲ್ಚನ್ನು ಮಾತ್ರ ನಾನು ತೂಕದಲ್ಲಿ ಕೊಳ್ಳುವುದಿಲ್ಲ. ಮಳೆ ಬಿದ್ದ ಮಾರನೇ ದಿನ ತೂಕದಲ್ಲಿ ಮಣ್ಣು ಕೊಂಡರೆ ಒಂದು ಪಾಲು ದುಡ್ಡು ನೀರಿಗೆ ಕೊಟ್ಟ ಹಾಗೆ. ಮರಳಿನದ್ದು ಇದಕ್ಕೆ ಉಲ್ಟಾ, ನನಗೆ ಬಹಳ ಮಜಾ ಅನಿಸಿದ ವಿಷಯ. ಸ್ವಲ್ಪ ತೇವ ಇರುವ ಮರಳು ಉಬ್ಬುತ್ತದೆ. ಕಣಗಳ ಸುತ್ತ ನೀರಿನ ಪದರ ಕೂತು ಅವನ್ನು ದೂರ ದೂರ ಇಡುತ್ತದೆ. ಒಣ ಮರಳಿಗಿಂತ 20ರಿಂದ 30 ಪರ್ಸೆಂಟ್ ಜಾಸ್ತಿ ಜಾಗ ತುಂಬಬಹುದು. ಹಾಗಾಗಿ ಅಳತೆಯಲ್ಲಿ ಕೊಳ್ಳುವವರಿಗೆ ತೇವದ ಮರಳು ನಷ್ಟ.

ಮತ್ತೆ ಆ ಮೊದಲ ಲೋಡಿಗೆ ಬರುತ್ತೇನೆ. ಜಾಸ್ತಿ ಬಂದದ್ದು ಸಣ್ಣ ತೊಂದರೆ. ದೊಡ್ಡ ತೊಂದರೆ ಅಂದರೆ ಅದು ತೋಟದ ಮಣ್ಣೇ ಅಲ್ಲ. ಎಲ್ಲೋ ಪಾಯ ತೋಡಿದಾಗ ಎದ್ದ ಅಡಿಮಣ್ಣು. ಇಟ್ಟಿಗೆ ಚೂರು, ಪ್ಲಾಸ್ಟಿಕ್, ಒಂದು ಹರಿದ ಚಪ್ಪಲಿ. ಇಷ್ಟಾದರೂ ಪಾತಿಗೆ ಹಾಕಿದೆ. ತಂದಾಗಿದೆ, ಇನ್ನೇನು ಮಾಡುವುದು ಅನ್ನುವ ಮೊಂಡುತನ. ಬಿಸಿಲಿಗೆ ಅದು ಬಿರುಕು ಬಿಟ್ಟಿತು, ಮಳೆಗೆ ಅಂಟಿನ ಹಾಗಾಯಿತು. ಚೆನ್ನಾಗಿ ಬೆಳೆದದ್ದು ಒಂದೇ, ಜೇಕು ಅನ್ನುವ ಕಳೆ. ಅದರ ಗಡ್ಡೆಗಳು ಮಣ್ಣಿನೊಳಗೆ ಸರಪಳಿಯ ಹಾಗೆ ಕೂಡಿಕೊಂಡಿರುತ್ತವೆ. ಮೇಲಿನ ಹುಲ್ಲು ಕಿತ್ತರೆ ಸರಪಳಿ ತುಂಡಾಗುತ್ತದೆ, ಮಲಗಿದ್ದ ಗಡ್ಡೆಗಳೂ ಎದ್ದು ಚಿಗುರುತ್ತವೆ. ಕಿತ್ತಷ್ಟೂ ಜಾಸ್ತಿ! ಕೊನೆಗೆ ಆ ಮಣ್ಣನ್ನೆಲ್ಲ ಹೊರಗೆ ಎಳೆದು, ನೀರು ನಿಲ್ಲುತ್ತಿದ್ದ ಒಂದು ತಗ್ಗು ತುಂಬಿಸಿದೆ. ಪಾತಿಗೆ ಬೇರೆ ಮಣ್ಣು ತರಿಸಿದೆ.

ಎರಡನೇ ಸಲ ನಾನೇ ಹೋಗಿ ನೋಡಿದೆ. ರಾಶಿಯ ಮೇಲಿಂದಲ್ಲ, ಒಳಗೆ ಕೈಹಾಕಿ ಒಂದಿಷ್ಟು ಮಣ್ಣು ತಂದೆ. ಅಗಲ ಬಾಯಿಯ ಗಾಜಿನ ಬಾಟಲಿಗೆ ಮೂರನೇ ಒಂದು ಭಾಗ ಮಣ್ಣು, ಉಳಿದದ್ದು ನೀರು. ಚೆನ್ನಾಗಿ ಕುಲುಕಿ ಕಿಟಕಿಯ ಬಳಿ ಇಟ್ಟೆ. ಮರಳು ಒಂದೆರಡು ನಿಮಿಷದಲ್ಲೇ ತಳ ಸೇರುತ್ತದೆ. ನಯವಾದ ಗೋಡು, ಅಂದರೆ ಹೂಳು, ಕೂರಲು ಕೆಲವು ಗಂಟೆ. ಜೇಡಿ ಒಂದು ದಿನ, ಕೆಲವೊಮ್ಮೆ ಇನ್ನೂ ಜಾಸ್ತಿ ತೆಗೆದುಕೊಳ್ಳುತ್ತದೆ. ಮಾರನೇ ದಿನ ಪದರಗಳನ್ನು ನೋಡಿದರೆ ಮಣ್ಣಿನ ಜಾತಕ ಅಲ್ಲೇ ಇರುತ್ತದೆ. ಮಾರುವವರ ಬಾಯಲ್ಲಿ ಎಲ್ಲ ಮಣ್ಣೂ "ಒಳ್ಳೇ ಮಣ್ಣು". ಬಾಟಲಿ ಮಾತ್ರ ಸುಳ್ಳು ಹೇಳುವುದಿಲ್ಲ.

ಹೊಸ ಮಣ್ಣು ಸುರಿಯುವ ಮುಂಚೆ ಹಳೇ ನೆಲವನ್ನು ಅಗೆದು ಸಡಿಲ ಮಾಡಿದೆ. ಮೊದಲ ಎರಡು ಇಂಚು ಹೊಸ ಮಣ್ಣನ್ನು ಅದಕ್ಕೆ ಬೆರೆಸಿ, ಆಮೇಲೆ ಉಳಿದದ್ದು ಹರಡಿದೆ. ಗಟ್ಟಿ ನೆಲದ ಮೇಲೆ ಸುಮ್ನೆ ಸುರಿದರೆ ನೀರು ಆ ಸಂದಿನಲ್ಲೇ ನಿಲ್ಲುತ್ತದೆ, ಬೇರೂ ಅಲ್ಲೇ ತಿರುಗುತ್ತದೆ.

ಜಲ್ಲಿಯಲ್ಲಿ ನಾನು ಮೋಸ ಹೋದದ್ದು ಅಂದಕ್ಕೆ. ಕಾಲುದಾರಿಗೆ ನುಣ್ಣನೆಯ ಗುಂಡುಕಲ್ಲು ತರಿಸಿದೆ. ನೋಡಲು ಬಹಳ ಚೆಂದ. ನಡೆದರೆ ಗೋಲಿಗಳ ಮೇಲೆ ನಡೆದ ಹಾಗೆ. ಕೈಗಾಡಿಯ ಚಕ್ರ ಹೂತುಕೊಂಡು ಮುಂದೆ ಹೋಗುತ್ತಲೇ ಇರಲಿಲ್ಲ. ಗುಂಡುಕಲ್ಲು ಒಂದಕ್ಕೊಂದು ಕಚ್ಚಿಕೊಳ್ಳುವುದಿಲ್ಲ, ಉರುಳುತ್ತದೆ. ಮೂಲೆ ಇರುವ ಒಡೆದ ಜಲ್ಲಿ ಕಚ್ಚಿಕೊಂಡು ಕೂರುತ್ತದೆ. ಈಗ ದಾರಿಯ ತಳದಲ್ಲಿ ಮೂರು ಇಂಚು ಪುಡಿ ಸಮೇತದ ಜಲ್ಲಿ ಇದೆ, ನೀರು ಚಿಮುಕಿಸಿ ಬಡಿದು ಗಟ್ಟಿ ಮಾಡಿದ್ದು. ಮೇಲೆ ಎರಡೇ ಇಂಚು 10-12 ಎಂ.ಎಂ. ಜಲ್ಲಿ, ತೊಳೆದದ್ದು. ಮೇಲಿನ ಪದರ ದಪ್ಪವಾದಷ್ಟೂ ಕಾಲು ಹೂಳುತ್ತದೆ. ಎಲ್ಲಕ್ಕಿಂತ ಕೆಳಗೆ ನೀರು ಇಳಿಯುವ ಬಟ್ಟೆ ಹಾಸಿದ್ದೇನೆ. ಅದಿಲ್ಲದಿದ್ದರೆ ಜಲ್ಲಿ ಮೆಲ್ಲಗೆ ಮಣ್ಣಿನೊಳಗೆ ಇಳಿದು ಮಾಯವಾಗುತ್ತದೆ. ಗುಂಡುಕಲ್ಲು ವ್ಯರ್ಥವಾಗಲಿಲ್ಲ. ತಾರಸಿಯ ನೀರು ಬೀಳುವ ಜಾಗದಲ್ಲಿ ಹಾಕಿದೆ, ಮಣ್ಣು ಕೊರೆಯುವುದು ನಿಂತಿತು.

ಮಲ್ಚ್ ಬಂದ ದಿನ ಹುಳಿ ಹುಳಿ ವಾಸನೆ. ರಾಶಿಯಿಂದ ಹೊಗೆಯ ಹಾಗೆ ಆವಿ ಏಳುತ್ತಿತ್ತು. ತಾಜಾ ಇರಬೇಕು ಅಂತ ಖುಷಿಯಿಂದ ಅವತ್ತೇ ಸಣ್ಣ ಗಿಡಗಳ ಸುತ್ತ ಹಾಕಿದೆ. ಎರಡೇ ದಿನದಲ್ಲಿ ಎಲೆಗಳ ಅಂಚು ಸುಟ್ಟ ಹಾಗಾಯಿತು. ದೊಡ್ಡ ರಾಶಿಯ ಹೊಟ್ಟೆಯಲ್ಲಿ ಗಾಳಿ ಆಡದೆ ಕೊಳೆತರೆ ಆಮ್ಲ ಹುಟ್ಟುತ್ತದೆ, ಎಳೆ ಗಿಡ ತಡೆಯುವುದಿಲ್ಲ. ಅದನ್ನೆಲ್ಲ ಬಾಚಿ ತೆಗೆದು, ಬಯಲಲ್ಲಿ ತೆಳುವಾಗಿ ಹರಡಿ, ಚೆನ್ನಾಗಿ ನೀರು ಹಾಯಿಸಿ ಕೆಲವು ದಿನ ಬಿಟ್ಟೆ. ವಾಸನೆ ಹೋಯಿತು. ಒಳ್ಳೇ ಮಲ್ಚಿಗೆ ಕಾಡಿನ ಒದ್ದೆ ನೆಲದ ವಾಸನೆ ಇರುತ್ತದೆ. ಕಾಂಡಕ್ಕೆ ತಾಗದ ಹಾಗೆ ನಾನು ಒಂದು ಗೇಣು ಜಾಗ ಬಿಡುತ್ತೇನೆ. ಬುಡಕ್ಕೆ ಗೋಪುರ ಕಟ್ಟಿದರೆ ತೊಗಟೆ ಒದ್ದೆಯಾಗೇ ಇದ್ದು ಕೊಳೆಯುತ್ತದೆ. ಹಸಿ ಮರದ ಚಕ್ಕೆಯಾದರೆ ಮಣ್ಣಿಗೆ ಬೆರೆಸುವುದೂ ಇಲ್ಲ. ಅದು ಕೊಳೆಯುವಾಗ ಮಣ್ಣಿನ ಸಾರಜನಕವನ್ನು ಹಿಡಿದಿಟ್ಟುಕೊಳ್ಳುತ್ತದೆ, ಗಿಡ ಹಳದಿಯಾಗುತ್ತದೆ. ಮೇಲೆ ಹೊದಿಸಿದರೆ ಅಂಥ ಕಾಟ ಇಲ್ಲ.

ಈಗ ಗಾಡಿ ಬರುವ ದಿನ ನಾನು ಮನೆಯಲ್ಲೇ ಇರುತ್ತೇನೆ, ಕಾರು ಹೊರಗೆ ಇರುತ್ತದೆ. ಸುರಿಯುವ ಜಾಗಕ್ಕೆ ಟಾರ್ಪಾಲ್ ಹಾಸಿರುತ್ತೇನೆ, ಕೊನೆಯ ಬುಟ್ಟಿಯವರೆಗೂ ಬಾಚಲು ಅನುಕೂಲ. ತೊಟ್ಟಿ ಎತ್ತುವ ಮುಂಚೆ ತಲೆ ಎತ್ತಿ ವಿದ್ಯುತ್ ತಂತಿ ನೋಡುತ್ತೇನೆ. ಎತ್ತಿದ ತೊಟ್ಟಿ ನಾವು ಅಂದುಕೊಂಡದ್ದಕ್ಕಿಂತ ಬಹಳ ಮೇಲೆ ಹೋಗುತ್ತದೆ. ನೆಲದಡಿಯ ನೀರಿನ ತೊಟ್ಟಿ, ಪೈಪು ಎಲ್ಲಿವೆ ಅಂತ ಚಾಲಕನಿಗೆ ತೋರಿಸುತ್ತೇನೆ. ಟೇಪ್ ಹಿಡಿದು ಗಾಡಿ ಅಳೆಯುವುದೂ ಸುರಿಯುವ ಮುಂಚೆಯೇ. ಮೊದಮೊದಲು ನಾಚಿಕೆ ಆಗುತ್ತಿತ್ತು. ಈಗ ಚಾಲಕರೇ ಟೇಪಿನ ಇನ್ನೊಂದು ತುದಿ ಹಿಡಿಯುತ್ತಾರೆ. ಮೊದಲು ಜಲ್ಲಿ, ಆಮೇಲೆ ಮಣ್ಣು, ಕೊನೆಗೆ ಮಲ್ಚ್. ಒಂದು ಹರಡಿ ಮುಗಿಯುವವರೆಗೆ ಇನ್ನೊಂದಕ್ಕೆ ಫೋನ್ ಮಾಡುವುದಿಲ್ಲ.

ಆ ಮೊದಲ ಲೋಡಿನಲ್ಲಿ ಪಾತಿಗೆ ಹಾಕದೆ ಉಳಿದ ಒಂದಿಷ್ಟು ಮಣ್ಣು ಇನ್ನೂ ಕಾಂಪೌಂಡಿನ ಮೂಲೆಯಲ್ಲಿ ಬಿದ್ದಿದೆ. ಅದರ ಮೇಲೆ ಜೇಕು ಹಸಿರಾಗಿ ನಿಂತಿದೆ. ಮಳೆ ಬಂದು ನೆಲ ಮೆತ್ತಗಾದಾಗ ಸಲಿಕೆ ಹಾಕಿ ಗಡ್ಡೆ ಸಮೇತ ಎಬ್ಬಿಸುತ್ತೇನೆ. ಈ ವಾರ ಒಂದು ಬಕೆಟ್ ಆಯಿತು.